ಡಬ್ಬಿಗೆ ಹೊಂದುವ ಕರಿಯಯ್ಯ

ಸಹನ ಮೊದಲ ಸಲ ಚಿತ್ರದಲ್ಲಿ ಬರೆದ ಕರಿಯಯ್ಯ ಕಪ್ಪಗೇ ಇದ್ದ. ಇನ್ನೇನು ಕೆಂಪಗಿರಬೇಕಿತ್ತೇ? ಹುಟ್ಟಿದ್ದೇ ಒಳ್ಳೆ ಕಪ್ಪಾಗಿ, ಆಮೇಲೆ ನಲವತ್ತು ವರ್ಷ ಕೊಪ್ಪರಿಗೆಯ ಹಬೆಗೂ ಒಲೆಯ ಹೊಗೆಗೂ ಮುಖ ಕೊಟ್ಟು ನಿಂತ ಮನುಷ್ಯ. ಸಹನಳ ತಾಯಿಯ ತಂದೆ. ಪಾಂಡವಪುರದಿಂದಾಚೆ ನಾಲೆಯ ಪಕ್ಕದಲ್ಲಿ ಅವನದೊಂದು ಆಲೆಮನೆ. ಅಲ್ಲಿ ಬೆಲ್ಲವೂ ಅವನ ಹಾಗೇ ಕಪ್ಪಗೆ ಬರುತ್ತಿತ್ತು.

ಬಂದು ಏನು ಪ್ರಯೋಜನ? ಕಪ್ಪು ಬೆಲ್ಲವನ್ನು ಮಂಡಿಯಲ್ಲಿ ಮೂಸಿ ನೋಡುವವರಿರಲಿಲ್ಲ. ಜನಕ್ಕೆ ಬೆಳ್ಳಗಿನ ಬೆಲ್ಲ ಬೇಕು. ಬೆಳ್ಳಗಾಗಬೇಕಾದರೆ ಪಾಕಕ್ಕೆ ಬಿಳುಪಿನ ಪುಡಿ ಬೀಳಬೇಕು. ಮಗ ಲೋಕೇಶ ಎರಡು ವರ್ಷದಿಂದ ಪುಡಿ, ಪುಡಿ ಎಂದು ಜಪ ಮಾಡುತ್ತಿದ್ದ. “ಆ ಪುಡಿ ನನ್ ಕೊಪ್ಪರಿಗೆಗೆ ಬಿದ್ದ ದಿವ್ಸ ನಾನು ಸೌಟು ಮುಟ್ಟಾಕಿಲ್ಲ ಕಣ್ಲಾ” ಎಂದು ಕರಿಯಯ್ಯ ಹೇಳಿಬಿಟ್ಟಿದ್ದ. ಹೇಳಿದರೆ ಹೇಳಿದ ಹಾಗೇ ನಡೆಯುವ ಜಾತಿಯ ಮುದುಕ. ಸೌಟು ಬಿಟ್ಟರೆ ಅವನು ಇನ್ನೇನು ಮಾಡಿಯಾನು, ಒಂದು ವಾರ ಬದುಕಿಯಾನೇ ಎಂಬುದು ಮನೆಯವರ ಹೆದರಿಕೆ.

ಕೊನೆಗೆ ಅಜ್ಜಿ ಗೌರಮ್ಮ ನಡುವೆ ಬಂದು ರಾಜಿ ಮಾಡಿಸಿದಳು. ಒಂದು ಸುಗ್ಗಿ ಬೆಲ್ಲವನ್ನು ಮಂಡಿಗೆ ಹಾಕದೆ, ಚೆಂದದ ಡಬ್ಬಿಯಲ್ಲಿ ತುಂಬಿ, ಮೇಲೆ ಕರಿಯಯ್ಯನ ಚಿತ್ರ ಹಾಕಿ ಮಾರುವುದು. ಡಬ್ಬಿ ಓಡಿದರೆ ಪುಡಿಯ ಮಾತೆತ್ತಬಾರದು. ಓಡದಿದ್ದರೆ ಅಪ್ಪ ಬಾಯಿ ಮುಚ್ಚಿಕೊಳ್ಳಬೇಕು. ಚಿತ್ರ ಬರೆಯಲು ಮನೆಯಲ್ಲೇ ಜನ ಇದ್ದರಲ್ಲ! ದೇವಲಾಪುರದ ತನ್ನ ಮನೆಯ ಜಗಲಿಯಲ್ಲಿ ಕೂತು ಮೊಬೈಲ್ ಆಟಗಳಿಗೆ ರಾಕ್ಷಸರನ್ನೂ ರಾಣಿಯರನ್ನೂ ಟ್ಯಾಬಿನಲ್ಲಿ ಬರೆದು ಕಳಿಸುವುದೇ ಸಹನಳ ಉದ್ಯೋಗ. ಟ್ಯಾಬು ಬಗಲಿಗೆ ಹಾಕಿಕೊಂಡು ಬಸ್ಸು ಹತ್ತಿ ಬಂದಳು.

ಬಣ್ಣದ ವಿಷಯದಲ್ಲಿ ಅವಳು ಭಾರೀ ನೇಮಿಷ್ಠೆ. ಪಾತ್ರಕ್ಕೆ ಮೊದಲು ಒಂದು ಯಜಮಾನ ಬಣ್ಣ ಇರಬೇಕು, ಉಳಿದವೆಲ್ಲ ಅದರ ಮಾತು ಕೇಳಿಕೊಂಡು ಇರಬೇಕು ಎನ್ನುತ್ತಿದ್ದಳು. ಆರಿದ ಬೆಲ್ಲದ ಫೋಟೋ ತೆಗೆದು, ಅದರಿಂದಲೇ ಯಜಮಾನ ಬಣ್ಣ ಆರಿಸಿ, ಅದನ್ನೇ ಒಂದಿಷ್ಟು ಏರಿಸಿ ತಾತನ ಹಣೆ, ಇಳಿಸಿ ಕೆನ್ನೆಯ ಗುಳಿ ಮಾಡಿದಳು. ಅಂಗಿಗೆ ಒಣಗಿದ ಕಬ್ಬಿನ ಸೋಗೆಯ ಬಣ್ಣ. ಹೆಗಲ ಮೇಲೆ ಒಂದೇ ಒಂದು ಕೆಂಪು ಟವೆಲ್ಲು, ಕೈಯಲ್ಲೊಂದು ಬೆಲ್ಲದ ಉಂಡೆ, ಹಿಂದೆ ಕಬ್ಬು, ಗಾಣ, ಚಿಮಣಿ. ಎಷ್ಟು ಸೊಗಸಾಗಿತ್ತೆಂದರೆ ಕರಿಯಯ್ಯ ಟ್ಯಾಬು ನೋಡಿಕೊಂಡೇ ತಲೆ ಬಾಚಿಕೊಂಡ. “ನಾನೇ ಕಣವ್ವಾ ಇದು! ಬೀಡಿ ಒಂದಿಲ್ಲ ಅಷ್ಟೇಯ” ಎಂದ.

ಲೋಕೇಶ ಬಂದು ನೋಡಿದ. “ಚೆಂದಾಗದೆ ಸಹನಾ. ಮುಖ ಒಸಿ ಬೆಳ್ಳಗೆ ಮಾಡು.”

“ಒಂದು ಬಣ್ಣ ಮುಟ್ಟಿದ್ರೆ ಎಲ್ಲಾ ಕೆಡ್ತವೆ ಮಾವ.”

“ಒಸಿ ಕಣವ್ವಾ. ಯಾರ್ ಮನೇಲಿ ಮಾಡಾಕಿಲ್ಲ? ಮದುವೆ ಫೋಟೋದಲ್ಲಿ ಮಾಡಾಕಿಲ್ವಾ?”

ಅದೂ ನಿಜವೇ. ಅವಳ ಮದುವೆಯಾದ ಅಕ್ಕನ ಆಲ್ಬಮ್ಮಿನಲ್ಲಿ ಇಡೀ ವಂಶವೇ ಬೇರೆ ದೇಶದವರ ಹಾಗೆ ಕಾಣುತ್ತಿತ್ತು. ಸಹನ ಮುಖವನ್ನು ಒಂದೇ ಒಂದು ಮೆಟ್ಟಿಲು ತಿಳಿ ಮಾಡಿದಳು. ಅಯ್ಯೋ, ಆ ಒಂದು ಮೆಟ್ಟಿಲೇ ಕೆಡಿಸಿತು! ತಿಳಿ ಮುಖದ ಮೇಲೆ ಮೀಸೆ ಇದ್ದಿಲಿನಲ್ಲಿ ಗೀಚಿದಂತೆ ಕಂಡಿತು. ಮೀಸೆ ನರೆಸಿದರೆ ಅಂಗಿ ಕಣ್ಣಿಗೆ ಹೊಡೆಯಿತು. ಅಂಗಿ ಬದಲಾಯಿಸಿದರೆ ಕೈಯಲ್ಲಿದ್ದ ಬೆಲ್ಲ ಡಾಂಬರಿನ ಉಂಡೆಯಾಯಿತು. ಬೆಲ್ಲ ತಿಳಿ ಮಾಡಿದರೆ ಅದರ ಪಕ್ಕದಲ್ಲಿ ಮುಖ ಮತ್ತೆ ಕಪ್ಪು! ಹೊಂದಾಣಿಕೆ ಬಿಡದ ಹುಡುಗಿ ಮತ್ತೊಂದು ಸುತ್ತು ಸುತ್ತಿದಳು, ಮಗದೊಂದು ಸುತ್ತು ಸುತ್ತಿದಳು. ಸಾಯಂಕಾಲದ ಹೊತ್ತಿಗೆ ಕರಿಯಯ್ಯ, ಕಬ್ಬು, ಗಾಣ, ಚಿಮಣಿಯ ಹೊಗೆ, ಎಲ್ಲ ಹಾಲಿನಲ್ಲಿ ಅದ್ದಿ ತೆಗೆದಂತೆ ಆಗಿದ್ದವು. ಆದರೆ ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿದ್ದವು! ನಾಚಿಕೆಯ ಮಾತೆಂದರೆ, ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಕರಿಯಯ್ಯ ನೋಡಿ, “ಯಾರವ್ವಾ ಈವಯ್ಯ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಾಣದ ಕಡೆ ಹೋದ. ಡಬ್ಬಿ ಓಡಿದರೆ ಪುಡಿ ತಪ್ಪುತ್ತದಲ್ಲ ಎಂದು ಸಹನ ಆ ಚಿತ್ರವನ್ನೇ ಮುದ್ರಣಕ್ಕೆ ಕಳಿಸಿದಳು.

ಡಬ್ಬಿ ಓಡಿತು. ಎಂಥ ಓಟ ಅಂತೀರಿ! ಶ್ರೀರಂಗಪಟ್ಟಣದಿಂದ, ನಾಗಮಂಗಲದಿಂದ, ಕೆ.ಆರ್. ಪೇಟೆಯಿಂದ ಜನ ಡಬ್ಬಿ ಹಿಡಿದುಕೊಂಡು ಆಲೆಮನೆಯನ್ನೇ ಹುಡುಕಿಕೊಂಡು ಬಂದರು.

“ಕರಿಯಯ್ಯನೋರು ಎಲ್ಲವ್ರೆ?”

“ನಾನೇ ಕಣ್ರಪ್ಪ.”

ಅವರು ಡಬ್ಬಿ ನೋಡುವರು, ಇವನನ್ನು ನೋಡುವರು, ಮತ್ತೆ ಡಬ್ಬಿ ನೋಡುವರು. “ತಮಾಸೆ ಬುಡಿ ಯಜಮಾನ್ರೆ, ಅವ್ರನ್ನ ಕರೀರಿ.” ಕೆ.ಆರ್. ಪೇಟೆಯ ಹೆಂಗಸೊಬ್ಬಳಂತೂ ಅವನನ್ನು ಪಕ್ಕಕ್ಕೆ ಕರೆದು, “ಅನ್ನ ಆಕ್ದ ಧಣಿ ಹೆಸ್ರು ನಿನ್ದು ಅನ್ಕೊಂಡು ತಿರುಗ್ಬಾರ್ದು ಕಣಪ್ಪ, ಒಳ್ಳೇದಾಗಾಕಿಲ್ಲ” ಎಂದು ಬುದ್ಧಿ ಹೇಳಿ ಹೋದಳು.

ಬೇರೆಯವರಾಗಿದ್ದರೆ ಡಬ್ಬಿ ಬದಲಾಯಿಸುತ್ತಿದ್ದರು. ಲೋಕೇಶ ಕರಿಯಯ್ಯನನ್ನೇ ಬದಲಾಯಿಸಿದ. ಶ್ರೀರಂಗಪಟ್ಟಣದಲ್ಲಿ ಮಹದೇವಸ್ವಾಮಿ ಎಂಬ ನಿವೃತ್ತ ಗುಮಾಸ್ತರಿದ್ದರು. ಬೆಳ್ಳಗೆ, ನುಣ್ಣಗೆ, ಡಬ್ಬಿಯಿಂದ ಇಳಿದು ಬಂದಂತೆ. ಅವರನ್ನು ಕರೆತಂದು ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದ. ಅವರಿಗೆ ಡಬ್ಬಿಯ ಮೇಲಿನಂಥದೇ ಅಂಗಿ ಹೊಲಿಸಲು ಸಹನಳನ್ನೂ ಟ್ಯಾಬನ್ನೂ ಬಟ್ಟೆ ಅಂಗಡಿಗೆ ಎಳೆದೊಯ್ದ. ಟ್ಯಾಬಿನಲ್ಲಿ ಬಟ್ಟೆಯ ಫೋಟೋ ತೆಗೆದು ಒಂದು ಚುಕ್ಕಿ ಒತ್ತಿದರೆ ಬಣ್ಣ ಎಷ್ಟು ತಿಳಿ ಎಂಬುದಕ್ಕೆ ನೂರಕ್ಕೆ ಇಷ್ಟು ಎಂದು ನಂಬರು ಬರುತ್ತಿತ್ತು. ಕಣ್ಣಿಗೆ ಒಂದೇ ಥರ ಕಂಡ ಎರಡು ಬಟ್ಟೆಗೆ ಎರಡು ನಂಬರು ಬಂದದ್ದೇ ಬಂದದ್ದು, ಅವತ್ತಿನಿಂದ ಲೋಕೇಶ ತನ್ನ ಕಣ್ಣನ್ನು ನಂಬುವುದನ್ನೇ ಬಿಟ್ಟ. ಬಾಳೆಹಣ್ಣು ಕೊಳ್ಳುವಾಗಲೂ “ನಂಬರ್ ಎಷ್ಟು ನೋಡು” ಎನ್ನತೊಡಗಿದ.

ಮಹದೇವಸ್ವಾಮಿಗೆ ಸಕ್ಕರೆ ಕಾಯಿಲೆ. ಬೆಲ್ಲವನ್ನು ದೂರದಿಂದಲೇ ಹೊಗಳುವರು. ವಾರ ಕಳೆಯುವುದರೊಳಗೆ ಅವರಿಗೆ ತಾವೇ ಕರಿಯಯ್ಯ ಎಂಬ ನಂಬಿಕೆ ಬಂದುಬಿಟ್ಟಿತು. “ಒಲೆ ಸ್ವಲ್ಪ ಸಣ್ಣಗೆ ಮಾಡಪ್ಪಾ” ಎಂದು ಕೂತಲ್ಲಿಂದಲೇ ಅಪ್ಪಣೆ ಕೊಡುವರು. “ಆಯ್ತು ಕರಿಯಯ್ಯನೋರೆ” ಎಂದು ಕರಿಯಯ್ಯ ಒಲೆಗೆ ಇನ್ನಷ್ಟು ಸೌದೆ ತುರುಕುವನು. ಗೌರಮ್ಮ ಕಾಫಿ ತಂದರೆ ಮೊದಲ ಲೋಟ ಕುರ್ಚಿಗೆ. “ಗಿರಾಕಿಗಳು ನೋಡ್ತಾವ್ರೆ, ಏನ್ ಮಾಡ್ಲಿ?” ಎಂದು ಸಹನಳ ಹತ್ತಿರ ಕಣ್ಣೊರೆಸಿಕೊಂಡಳು.

ಇಷ್ಟಾದರೂ ಪುಡಿ ಬಂದಿರಲಿಲ್ಲವಲ್ಲ ಎಂಬ ಒಂದು ಸಮಾಧಾನ ಇತ್ತು. ಅದೂ ಹೋಯಿತು. ಡಬ್ಬಿ ಬೆಳ್ಳಗೆ, ಮಾರುವವರು ಬೆಳ್ಳಗೆ, ಒಳಗಿನ ಬೆಲ್ಲ ಮಾತ್ರ ಯಾಕೆ ಹೀಗೆ ಎಂದು ಗಿರಾಕಿಗಳು ರೇಗತೊಡಗಿದರು. ಒಂದು ಸೋಮವಾರ ಮಧ್ಯಾಹ್ನ ಪಾಕ ಹದಕ್ಕೆ ಬರುತ್ತಿದ್ದಾಗ ಲೋಕೇಶ ಪುಡಿಯ ಡಬರಿ ಹಿಡಿದು ಬಂದು ನಿಂತ.

“ಡಬ್ಬಿ ಓಡ್ತಲ್ಲಾ, ನೀನ್ ಮಾತು ಕೊಟ್ಟಿದ್ದೆ” ಎಂದ ಕರಿಯಯ್ಯ.

“ಡಬ್ಬಿ ಓಡ್ತು ಕಣಪ್ಪ, ಬೆಲ್ಲ ಓಡ್ಬೇಕಲ್ಲ. ಎಲ್ಲಾದ್ಕೂ ಹೊಂದಾಣಿಕೆ ಇರ್ಬೇಕು ಅಂತ ನಿನ್ ಮೊಮ್ಮಗಳೇ ಕಲಿಸ್ಕೊಟ್ಟವ್ಳೆ. ಸಹನಾ, ಡಬ್ಬಿ ಮೇಲಿನ ಬೆಲ್ಲದ ನಂಬರ್ ಎಷ್ಟು?”

“ಎಂಬತ್ತೆಂಟು.”

“ಕೊಪ್ಪರಿಗೆ ಮೇಲೆ ಟ್ಯಾಬ್ ಇಡ್ಕೋ. ಎಂಬತ್ತೆಂಟು ಬರೋಗಂಟ ಆಕ್ತೀನಿ.”

ಕರಿಯಯ್ಯ ಜಗಳವಾಡಲಿಲ್ಲ. ಸೌಟನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿದ. ಪಾಕ ಕೊತಕೊತ ಎನ್ನುತ್ತಿತ್ತು. ತಿರುವದಿದ್ದರೆ ತಳ ಹಿಡಿಯುತ್ತದೆ. “ನೀವಾದ್ರೂ ತಿರುವಿ ಕರಿಯಯ್ಯನೋರೆ!” ಎಂದು ಲೋಕೇಶ ಕೂಗಿದ. ಮಹದೇವಸ್ವಾಮಿ ಎದ್ದು ಬಂದರು, ಹಬೆ ಮುಖಕ್ಕೆ ರಾಚಿತು, “ನನಗೆ ಶುಗರ್ ಇದೆ” ಎಂದು ಹೋಗಿ ಕೂತರು.

ಸಹನ ಟ್ಯಾಬು ಹಿಡಿದಳು. ಚುಕ್ಕಿ ಒತ್ತಿದಳು. ಇಪ್ಪತ್ತೊಂಬತ್ತು. ತಲೆಯೆತ್ತಿದರೆ ತಾತ ಅವಳನ್ನು ನೋಡುತ್ತಿರಲಿಲ್ಲ, ಪಾಕದ ಗುಳ್ಳೆಗಳನ್ನೇ ನೋಡುತ್ತಿದ್ದ. ಖಾಲಿ ಬಲಗೈ ಅವನಿಗೇ ಗೊತ್ತಿಲ್ಲದೆ ಗಾಳಿಯಲ್ಲಿ ತಿರುವುತ್ತಿತ್ತು.

“ಎಷ್ಟು?” ಎಂದ ಲೋಕೇಶ.

“ಎಂಬತ್ತೆಂಟು.”

ಅವನು ಕೊಪ್ಪರಿಗೆಗೆ ಬಗ್ಗಿ ನೋಡಿದ. “ಕಪ್ಪಗೆ ಕಾಣ್ತಾ ಅದಲ್ಲವ್ವಾ?”

“ಕಣ್ಣಿಗೆ ಕಪ್ಪು ಮಾವ. ನಂಬರ್ ಎಂಬತ್ತೆಂಟು.”

ಲೋಕೇಶ ಕಣ್ಣುಜ್ಜಿಕೊಂಡ. ಇನ್ನೊಮ್ಮೆ ನೋಡಿದ. ಕುರ್ಚಿಯ ಕಡೆ ತಿರುಗಿದ. “ನನ್ನ ನಲವತ್ತು ವರ್ಷದ ಅನುಭವದಲ್ಲಿ ಹೇಳೋದಾದ್ರೆ ಎಂಬತ್ತೆಂಟೇ” ಎಂದರು ಮಹದೇವಸ್ವಾಮಿ. “ಪುಡಿ ಇಲ್ದೇನೇ ಬಂದ್ಬುಡ್ತಾ!” ಎಂದು ಲೋಕೇಶ ಡಬರಿಯ ಮುಚ್ಚಳ ಮುಚ್ಚಿದ್ದೇ ತಡ, ಕರಿಯಯ್ಯ ಹಾರಿ ಬಂದು ಸೌಟು ಹಿಡಿದ. ಹದ ತಪ್ಪಲಿಲ್ಲ.

ಬೆಲ್ಲ ಅಚ್ಚಿಗೆ ಬಿದ್ದ ಮೇಲೆ ಕರಿಯಯ್ಯ ಮುಖ ಒರೆಸಿಕೊಂಡು, ಯಾರೂ ಇಲ್ಲದ್ದು ನೋಡಿ, ಸಹನಳ ಹತ್ತಿರ ಬಂದ.

“ಕೂಸೇ, ಆ ಟ್ಯಾಬ್ನ ನನ್ ಮುಖಕ್ಕೂ ಒಸಿ ಇಡಿ. ಎಷ್ಟು ಬತ್ತದೆ ನೋಡವ್ವಾ.”

ಸಹನ ನಗಲು ಹೋದಳು. ಅವನು ನಗುತ್ತಿರಲಿಲ್ಲ.

“ಕಮ್ಮಿ ಬಂದ್ರೆ ಮುಚ್ಚಿಡ್ಬೇಡ. ನಾಳಿಂದ ಗಿರಾಕಿ ಬಂದಾಗ ನಾನು ಇತ್ತಲಲ್ಲಿ ಮರೇಲಿ ಇದ್ಬುಡ್ತೀನಿ.”

ಮೂರು ತಿಂಗಳು ಈ ಮಾತನ್ನು ಒಳಗಿಟ್ಟುಕೊಂಡೇ ಸೌದೆ ತುರುಕುತ್ತಿದ್ದನೇ ಈ ಮುದುಕ! ಸಹನಳಿಗೆ ಅಳು ಒತ್ತರಿಸಿ ಬಂತು. ತಾನು ಏರಿಸಿದ ಆ ಒಂದು ಮೆಟ್ಟಿಲನ್ನು ನೆನೆದು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಟ್ಯಾಬು ಎತ್ತಿ ಹಿಡಿದಳು. ಇವನಿಗೂ ಎಂಬತ್ತೆಂಟು ಅಂದುಬಿಡಬಹುದಿತ್ತು. ಅನ್ನಲಿಲ್ಲ.

“ಇಪ್ಪತ್ತೊಂಬತ್ತು ತಾತ.”

“ಅಷ್ಟೇಯಾ?”

“ಬೆಲ್ಲಕ್ಕೂ ಅಷ್ಟೇ ಬಂದಿತ್ತು. ನಾನು ಸುಳ್ಳು ಯೋಳ್ದೆ.”

ಕರಿಯಯ್ಯ ಅಚ್ಚುಗಳ ಸಾಲನ್ನು ನೋಡಿದ. ತನ್ನ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಬಾಗಿಲ ಕಡೆ ನಡೆದ. ಹೊರಗೆ ಕಾರೊಂದು ಬಂದು ನಿಂತಿತ್ತು, ಕರಿಯಯ್ಯನವರು ಎಲ್ಲಿ ಎಂದು ಯಾರೋ ಕೇಳುತ್ತಿದ್ದರು, ಮಹದೇವಸ್ವಾಮಿ ಉತ್ತರ ಕೊಡಲು ಬಾಯಿ ತೆರೆದಿದ್ದರು.

“ಸ್ವಾಮೇರ, ಒಸಿ ಎದ್ದೇಳಿ” ಎಂದ ಕರಿಯಯ್ಯ. “ನನ್ನ ಕೇಳ್ಕೊಂಡು ಯಾರೋ ಬಂದವ್ರೆ.”