ಚಮಚದ ತೂಕ

ಭಾವ ಟ್ರಂಕನ್ನು ತಲೆಕೆಳಗು ಮಾಡಿ ಕೊಡವಿದರು. ಹಳೆಯ ಸ್ವೆಟರು, ನುಸಿಗುಳಿಗೆ, ಕೊನೆಗೆ ಎರಡು ಮಖಮಲ್ಲಿನ ಡಬ್ಬಿಗಳು ನೆಲಕ್ಕೆ ಬಿದ್ದವು. ಎರಡನ್ನೂ ತೆರೆದು ನೋಡಿದರು. ರಿಬ್ಬನ್ ಇತ್ತು, ಪದಕ ಇರಲಿಲ್ಲ.

ಹೊರಗೆ ಹಜಾರದಲ್ಲಿ ಅವರ ತಾಯಿ ಬಿಳಿ ಹೊದಿಕೆಯಡಿ ಮಲಗಿದ್ದರು. ವರ್ಷಗಟ್ಟಲೆ ನಡುಗಿದ್ದ ಆ ಕೈಗಳು ಈಗ ಸುಮ್ಮನಿದ್ದವು. ಸೊಸೆಗೆ ಅವು ಬೇರೆ ಯಾರದೋ ಕೈಗಳಂತೆ ಕಾಣುತ್ತಿದ್ದವು.

"ಕ್ಯಾಪ್ಟನ್ ಸಾಹೇಬ್ರು ದಾರೀಲಿದಾರೆ," ಎಂದರು ಭಾವ. "ಪದಕ ಎರಡೂ ಕೆಂಪು ದಿಂಬಿನ ಮೇಲಿಟ್ಟು ಅಮ್ಮನ ಚಟ್ಟದ ಮುಂದೆ ಹಿಡ್ಕೊಂಡು ಹೋಗ್ತಾರಂತೆ. ಒಂದು ಅಪ್ಪಂದು, ಒಂದು ನನ್ನ ತಮ್ಮಂದು. ಎಲ್ಲಿಟ್ಟಿದೀಯ?"

"ಮನೇಲೇ ಇವೆ, ಭಾವ."

"ಮನೇಲಿ ಎಲ್ಲಿ, ಗಾಳೀಲಾ?" ಅವರು ದನಿ ತಗ್ಗಿಸಿದರು. "ನಿಜ ಹೇಳು. ಮಾರಿಬಿಟ್ಯಾ?"

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಪಕ್ಕದ ಮನೆಯಾಕೆ, ಸರಿಯಾಗಿ ಕೇಳಿಸಲೆಂದು ನಲ್ಲಿ ನಿಲ್ಲಿಸಿದಳು.

ಸೊಸೆ ನೆಲದ ಮೇಲಿನ ಸ್ವೆಟರು ಮಡಚಿ ಟ್ರಂಕಿಗೆ ಹಾಕಿದಳು. ಹೇಳದಿದ್ದರೆ ಅವಳು ಕಳ್ಳಿ. ಹೇಳಿದರೆ ಭಾವ ಇಕ್ಕಳ ಹುಡುಕುತ್ತಾರೆ.

*

ಅತ್ತೆಯ ಗಂಡನನ್ನು ಒಂದು ಯುದ್ಧ ನುಂಗಿತ್ತು, ಕಿರಿಮಗನನ್ನು ಇನ್ನೊಂದು. ಆಮೇಲೆ ಸೈನಿಕರ ಸಂಘದ ಔತಣಕ್ಕೆ ಅತ್ತೆಯನ್ನು ಕರೆದು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಸೂಪು ಬಂತು. ಚಮಚ ತುಟಿ ಮುಟ್ಟುವಷ್ಟರಲ್ಲಿ ಸೂಪೆಲ್ಲ ಮೇಜಿನ ಮೇಲಿತ್ತು. ಮುಖ್ಯ ಅತಿಥಿಯ ಹೆಂಡತಿ ಕ್ಯಾಮೆರಾ ಕಡೆ ನಗುತ್ತಾ, "ತಾಯೀ, ನಾನು ತಿನ್ನಿಸ್ತೀನಿ," ಎಂದು ಚಮಚ ಎತ್ತಿದಳು.

ಅತ್ತೆ ಬಾಯಿ ಮುಚ್ಚಿದರು. ಆಮೇಲೆ ಅದನ್ನು ತೆರೆದದ್ದು ಮಾತಿಗೆ ಮಾತ್ರ.

"ಇಬ್ಬರು ಗಂಡಸರನ್ನ ಕೊಟ್ಟಿದೀನಿ. ಸಾಕು. ನನ್ನ ಊಟ ನಾನೇ ಮಾಡ್ತೀನಿ."

ಎದುರಿಗೆ ಕೂತಿದ್ದ ಕ್ಯಾಪ್ಟನ್ ಕೂಡ ಅಂದು ಏನನ್ನೂ ಮುಟ್ಟಲಿಲ್ಲ. ಸತ್ತ ಮಗ ಅವರ ತುಕಡಿಯವನೇ.

ಚಮಚದ ಹಿಡಿ ದಪ್ಪಗೆ, ಭಾರವಾಗಿದ್ದರೆ ಕೈ ಅಷ್ಟು ಕುಣಿಯದಿರಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಸೊಸೆಯ ಕೆಲಸವೇ ಪಾತ್ರೆಗಳಿಗೆ ಹಿಡಿ ಕೂರಿಸುವುದು. ಕಾರ್ಖಾನೆಯಿಂದ ದಪ್ಪ ಹಿಡಿಯ ಚಮಚ ಮಾಡಿ ತಂದಳು. ಭಾರ ಸಾಲಲಿಲ್ಲ.

"ಟ್ರಂಕ್ ತೆಗಿ," ಎಂದರು ಅತ್ತೆ.

"ಅತ್ತೆ, ಅದು ಅವರ ಪದಕ."

"ಗೊತ್ತು ಕಣೇ. ಡಬ್ಬೀಲಿ ಮಲಗಿ ಮಲಗಿ ಸೋಮಾರಿ ಆಗಿದೆ. ದುಡೀಲಿ ಸ್ವಲ್ಪ."

ಪದಕಕ್ಕೆ ತೂತು ಕೊರೆಯಲು ಡ್ರಿಲ್ ಹಿಡಿದಾಗ ಸೊಸೆಯ ಕೈ ಅಲುಗಿತು.

"ನಿಂಗ್ಯಾಕೆ ನಡುಕ? ಅದು ನನ್ನ ಕೆಲಸ."

ಮರುದಿನ ಚಮಚವನ್ನು ತೂಗಿ ನೋಡಿ ಅತ್ತೆಯೇ ಹೇಳಿದರು, "ನಿನ್ನ ಗಂಡ ಒಬ್ಬನ ಕೈಲಿ ಆಗ್ತಿಲ್ಲ. ನನ್ನ ಗಂಡನ್ನೂ ಕರಿ."

ಹಿಡಿಯ ಆ ಮಗ್ಗುಲಿಗೊಂದು, ಈ ಮಗ್ಗುಲಿಗೊಂದು. ರಿವೆಟ್ ಮೊಳೆ ಹೊಡೆದು, ಮೇಲೆ ಬಟ್ಟೆಪಟ್ಟಿ ಸುತ್ತಿದ್ದಾಯಿತು. ಮೊದಲ ತುತ್ತು ಬಾಯಿಗೆ ಹೋಯಿತು, ಎರಡನೆಯದು ಮಡಿಲಿಗೆ, ಮೂರನೆಯದು ಮತ್ತೆ ಬಾಯಿಗೆ.

"ಗೆಲ್ತಾ ಇದೀನಿ," ಎಂದರು ಅತ್ತೆ, ಅಗಿಯುತ್ತಲೇ.

*

ಕ್ಯಾಪ್ಟನ್ ಬಂದರು. ಬಲಗೈ ಕೋಟಿನ ಜೇಬಿನಲ್ಲಿತ್ತು. ಹಿಂದೆ ಸೈನಿಕನೊಬ್ಬ ಕೆಂಪು ದಿಂಬು ಹಿಡಿದು ನಿಂತ.

"ಪದಕ ಎಲ್ಲಿ ಅಂತ ಈಕೇನೇ ಕೇಳಿ ಸಾರ್," ಎಂದರು ಭಾವ, ಹಜಾರಕ್ಕೆಲ್ಲ ಕೇಳುವಂತೆ.

ಸೊಸೆ ಅಡುಗೆಮನೆಗೆ ಹೋಗಿ ಪಾತ್ರೆ ಸ್ಟ್ಯಾಂಡಿನಿಂದ ಚಮಚ ತಂದಳು. ಎಲ್ಲರೆದುರು ಬಟ್ಟೆಪಟ್ಟಿ ಬಿಚ್ಚಿದಳು. ಪದಕಗಳ ಅಂಚು ಬಟ್ಟೆಯೊಳಗೇ ಬೆರಳ ಹಿಡಿತಕ್ಕೆ ಸವೆದು ನುಣುಪಾಗಿತ್ತು.

"ಅಯ್ಯೋ, ತೂತು ಕೊರೆದಿದಾಳೆ," ಭಾವನ ಮುಖ ಬಿಳುಚಿತು. "ಐದೇ ನಿಮಿಷ ಸಾರ್. ಇಕ್ಕಳ ತಂದು ಕಿತ್ತುಕೊಡ್ತೀನಿ."

"ಕೀಳೋ ಹಾಗಿಲ್ಲ, ಭಾವ." ಅವಳು ಚಮಚವನ್ನು ಮುಷ್ಟಿಯಲ್ಲಿ ಹಿಡಿದಳು. "ನಿಮ್ಮಪ್ಪ, ನಿಮ್ಮ ತಮ್ಮ, ಇಬ್ರೂ ಸೇರಿ ಅತ್ತೆಗೆ ದಿನಾ ಊಟ ಮಾಡಿಸಿದಾರೆ. ಇಡೋದಾದ್ರೆ ಹೀಗೇ ಇಡಿ. ಇಲ್ಲಾಂದ್ರೆ ಖಾಲಿ ದಿಂಬು ಹೊತ್ಕೊಂಡು ನಡೀರಿ."

ಕ್ಯಾಪ್ಟನ್ ಅವಳನ್ನು ನೋಡಿದರು, ಮಲಗಿದ್ದ ಅತ್ತೆಯನ್ನು ನೋಡಿದರು. ಆಮೇಲೆ ಜೇಬಿನಿಂದ ಬಲಗೈ ತೆಗೆದು ಮುಂದೆ ಚಾಚಿದರು. ಅದು ಗಡಗಡ ನಡುಗುತ್ತಿತ್ತು. ಹಜಾರ ಪೂರ್ತಿ ನೋಡಿತು.

ಅವಳು ಚಮಚ ಕೊಟ್ಟಳು. ನಡುಕ ನಿಲ್ಲಲಿಲ್ಲ, ಆದರೆ ತಗ್ಗಿತು.

"ಆವತ್ತು ಔತಣದಲ್ಲಿ ನಿಮ್ಮತ್ತೆ ನನ್ನ ತಟ್ಟೆ ನೋಡಿ, 'ನಿಮ್ದೂ ಖಾಲಿ ಹೊಟ್ಟೇನಾ?' ಅಂತ ಕೇಳಿದ್ರು," ಎಂದರು ಕ್ಯಾಪ್ಟನ್. "ಹಸಿವಿಲ್ಲ ಅಂದುಬಿಟ್ಟೆ. ಸುಳ್ಳು." ಸೈನಿಕನ ಕಡೆ ತಿರುಗಿದರು. "ದಿಂಬು ಇಲ್ಲಿ ಕೊಡಪ್ಪಾ. ನಾನೇ ಹಿಡೀತೀನಿ."

"ಸಾರ್, ಬೀದಿ ತುಂಬ ಜನ ಇದಾರೆ," ಎಂದರು ಭಾವ ಮೆಲ್ಲಗೆ.

"ಇರ್ಲಿ. ನೋಡ್ಲಿ."

ಅತ್ತೆಯನ್ನು ಎತ್ತಿದರು. ಭಾವ ಒಂದು ಕಡೆ ಹೆಗಲು ಕೊಟ್ಟರು, ಸೊಸೆ ಇನ್ನೊಂದು ಕಡೆ. ಎಲ್ಲರಿಗಿಂತ ಮುಂದೆ ಕ್ಯಾಪ್ಟನ್ ಎರಡೂ ಕೈಯಲ್ಲಿ ದಿಂಬು ಹಿಡಿದು ನಡೆದರು. ಬೀದಿಯುದ್ದಕ್ಕೂ ದಿಂಬು ಅದುರುತ್ತಿತ್ತು, ಅದರ ಅಂಚಿನ ಕುಚ್ಚುಗಳು ಕುಣಿಯುತ್ತಿದ್ದವು. ನಡುವೆ, ತನ್ನ ಭಾರಕ್ಕೆ ತಾನೇ ಮಾಡಿಕೊಂಡ ತಗ್ಗಿನಲ್ಲಿ, ಚಮಚ ಅಲ್ಲಾಡದೆ ಕೂತಿತ್ತು.