ಉಳಿಸಿದ ಕೆಲಸ

"ಇದ್ರಿಂದ ಎಷ್ಟು ಜನರ ಕೆಲಸ ಉಳೀತು?"

ಕೆಲಸ ಕೇಳಿಕೊಂಡು ಬಂದವಳ ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡು ಮ್ಯಾನೇಜರು ಕೇಳಿದ. ಸಲೀಸಾದ ಪ್ರಶ್ನೆಯೇ. ಆದರೂ ಉತ್ತರಿಸುವ ಮೊದಲು ಅವಳು ಪರದೆಯ ಮೇಲಿದ್ದ, ತಾನೇ ಕಟ್ಟಿದ ವೆಬ್‌ಸೈಟನ್ನು ಮತ್ತೊಮ್ಮೆ ನೋಡಿದಳು.

ಕೋರ್ಸು ಮುಗಿಸಿ ಕಂಪನಿಗಳಿಗೆ ಅಲೆಯುತ್ತ ಹತ್ತು ತಿಂಗಳಾಗಿತ್ತು. ಹವಾಮಾನ ತೋರಿಸುವ ವೆಬ್‌ಸೈಟು, ದಿನದ ಕೆಲಸಗಳನ್ನು ಬರೆದಿಡುವ ವೆಬ್‌ಸೈಟು, ಅವಳು ಕಟ್ಟಿದ್ದನ್ನೆಲ್ಲ ನೋಡಿ ಎಲ್ಲರೂ ಹೇಳಿದ್ದು ಒಂದೇ ಮಾತು: "ಚೆನ್ನಾಗಿದೆ. ಆದ್ರೆ ನಿಜವಾಗ್ಲೂ ಯಾರಾದ್ರೂ ಬಳಸ್ತಾರಾ?" ಮೊದಲು ಬಿಟ್ಟಿ ದುಡಿದು ತೋರಿಸು ಎಂಬುದನ್ನು ಇಷ್ಟು ನಯವಾಗಿ ಹೇಳಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ದುಡಿದು ತೋರಿಸಿದಳು. ಅಮ್ಮ ಕೆಲಸಕ್ಕಿದ್ದ ಕ್ಲಿನಿಕ್ಕಿಗೆ ಟೋಕನ್ ವೆಬ್‌ಸೈಟು ಕಟ್ಟಿಕೊಟ್ಟಳು. ಹನ್ನೊಂದು ವರ್ಷದಿಂದ ಅಮ್ಮ ಡಾಕ್ಟರ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು ಚೀಟಿ ಕೊಡುತ್ತ, ನಂಬರು ಕೂಗುತ್ತ ಬಂದವಳು. ಈಗ ರೋಗಿಗಳು ಮೊಬೈಲಿನಲ್ಲೇ ಟೋಕನ್ ಪಡೆಯಬಹುದು. ಸರದಿ ಬಂದಾಗ ಗೋಡೆಯ ಪರದೆಯೇ ಕೂಗುತ್ತದೆ. ಯಂತ್ರದ ದನಿ ಬೇಡವೆಂದು ಅಮ್ಮನದನ್ನೇ ರೆಕಾರ್ಡ್ ಮಾಡಿದ್ದಳು. ದನಿ ಗುಂಯ್‌ಗುಡದಿರಲೆಂದು ಬೀರು ತೆರೆದು, ಬಟ್ಟೆಗಳಿಗೆ ಮುಖಮಾಡಿ ನಿಂತು ಅಮ್ಮ ಒಂದರಿಂದ ನೂರರವರೆಗೆ ಕೂಗಿದ್ದಳು.

"ನೂರು ಯಾಕೆ ಕಣೇ? ನಮ್ ಡಾಕ್ಟ್ರು ಅರವತ್ತಕ್ಕೇ ಚಪ್ಪಲಿ ಮೆಟ್ಕೊಳ್ತಾರೆ."

"ಇರ್ಲಿ ಕೂಗಮ್ಮ, ಕಂಜೂಸ್ ಮಾಡ್ಬೇಡ."

"ಬೀರೂಲಿರೋ ಬಟ್ಟೆಗೆಲ್ಲ ಒಳಗೆ ಬನ್ನಿ ಅಂತಿದೀನಲ್ಲೇ, ನನ್ ಹಣೆಬರಹ!"

ವೆಬ್‌ಸೈಟು ಓಡಿತು. ಮೂರನೆಯ ವಾರ ಡಾಕ್ಟರು ಅಮ್ಮನನ್ನು ಕರೆದು, "ಮಗಳು ನಿಮ್ಗೆ ಬಿಡುವು ಮಾಡ್ಕೊಟ್ಳು ನೋಡಿ. ನಾಳೆಯಿಂದ ಮನೇಲಿ ಆರಾಮಾಗಿರಿ," ಎಂದು ಸ್ಟೂಲನ್ನು ಎತ್ತಿಸಿಬಿಟ್ಟರು. ಅಮ್ಮ ಬೈಯಲಿಲ್ಲ. "ನಿನ್ಗೊಂದು ಕೆಲ್ಸ ಆಗ್ಲಿ, ಸಾಕು," ಎಂದಳು. ಬೈದಿದ್ದರೇ ವಾಸಿಯಿತ್ತು.

"ಉಳೀಲಿಲ್ಲ ಸರ್," ಎಂದಳು ಅವಳು ಮ್ಯಾನೇಜರನಿಗೆ. "ಒಬ್ರದ್ದು ಹೋಯ್ತು."

ಅವನು ನಕ್ಕ. "ಅದನ್ನೇ ರೀ ನಾವು ಉಳಿತಾಯ ಅನ್ನೋದು! ಆದ್ರೆ ಒಬ್ರೇನಾ? ಇನ್ನೊಂದು ತಿಂಗಳು ನಿಲ್ದೆ ಓಡ್ಲಿ, ಬೇರೆ ಕಡೆನೂ ಹಾಕ್ಸಿ. ಆಮೇಲೆ ನೋಡೋಣ."

ಬಸ್ಸಿನಲ್ಲಿ ಕೂತು ಮೊಬೈಲು ತೆಗೆದಳು. ವೆಬ್‌ಸೈಟಿಗೆ 'ನಿಲ್ಲಿಸು' ಎಂಬ ಕೆಂಪು ಗುಂಡಿಯನ್ನು ಇಟ್ಟವಳೂ ಅವಳೇ. ಒತ್ತಿದರೆ ನಾಳೆ ಡಾಕ್ಟರಿಗೆ ಸ್ಟೂಲು ಬೇಕಾಗುತ್ತದೆ. ಒತ್ತಿದರೆ ಅವಳ ಬಳಿ ತೋರಿಸಲು ಹವಾಮಾನವಷ್ಟೇ ಉಳಿಯುತ್ತದೆ. ಹೆಬ್ಬೆರಳು ಗುಂಡಿಯ ಮೇಲೆ ತೂಗಾಡುತ್ತಿದ್ದಂತೆಯೇ ಮೂರು ಸ್ಟಾಪು ದಾಟಿದವು. ಆಮೇಲೆ ಮೊಬೈಲನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು.

ಮುಂದಿನ ವಾರ ಅಮ್ಮನ ಮಂಡಿ ಊದಿಕೊಂಡಿತು. ಮಗಳೇ ಮೊಬೈಲಿನಲ್ಲಿ ಟೋಕನ್ ತೆಗೆದು ಕ್ಲಿನಿಕ್ಕಿಗೆ ಕರೆದೊಯ್ದಳು. ಡಾಕ್ಟರ ಬಾಗಿಲ ಪಕ್ಕ, ನೆಲದ ಮೇಲೆ ಸ್ಟೂಲಿನ ನಾಲ್ಕು ಕಾಲುಗಳ ಗುರುತು ಇನ್ನೂ ಹಾಗೇ ಇತ್ತು. ಹಳೆಯ ರೋಗಿಯೊಬ್ಬ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ.

"ಏನಕ್ಕಾ, ನೀವೂ ಈ ಕಡೆಗೇ ಬಂದ್ರಾ?"

ಅಮ್ಮ ನಕ್ಕಳು. ಮಗಳು ನೆಲ ನೋಡಿದಳು.

ಪರದೆ ಮಿನುಗಿತು. ಬೀರುವಿನ ಬಟ್ಟೆಗಳೆದುರು ಕೂಗಿದ, ಇನ್ನೂ ನಗು ಆರದ ದನಿ ಹೊರಟಿತು: "ಮೂವತ್ತೆಂಟು, ಒಳಗೆ ಬನ್ನಿ."

ಅಮ್ಮ ಚೀಟಿಯಿಲ್ಲದ ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಗೋಡೆ ಹಿಡಿದು ಎದ್ದಳು.

"ಬಂದೆ," ಎಂದಳು ಪರದೆಗೆ.