ಬೇವಿನ ಬಯಲಿಗೆ ಕಟ್ಟಿದ ಗೋಡೆ

ಗೋಡೆಗೆ ಬಾಗಿಲು ಬೇಡ ಎಂದವಳು ಶಂಕ್ರವ್ವನೇ. ಆ ಮಾತು ನೆನಪಾದಾಗಲೆಲ್ಲ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತಿತ್ತು ಅವಳಿಗೆ.

ರಾಜ್ಯ ಒಂದಾದ ಮರುವರ್ಷ ಗಜೇಂದ್ರಗಡಕ್ಕೆ ಕಾಲೇಜು ಬಂತು. ಬೇರೆ ಜಾಗವೇ ಇಲ್ಲದವರ ಹಾಗೆ ಗುಡ್ಡದ ಬುಡದ ಬೇವಿನ ಬಯಲಿನಲ್ಲೇ ಬಂತು. ಆ ಬಯಲು ಯಾರದೆಂದು ಅದುವರೆಗೆ ಯಾರೂ ಕೇಳಿರಲಿಲ್ಲ. ಸಾಲು ಬೇವಿನ ಮರ, ಅವುಗಳ ಕೆಳಗೆ ಗರಿಕೆ ಹುಲ್ಲು. ಹೊಲಕ್ಕೆ ಹೋಗುವವರು ಅಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಮುದುಕರು ಮಧ್ಯಾಹ್ನ ಅಡ್ಡಾಗುತ್ತಿದ್ದರು. ಬೆಳಗಿನ ಹೊತ್ತು ಮಾತ್ರ ಅದು ನೇಕಾರರದು. ನೆರಳಿನುದ್ದಕ್ಕೂ ಹಾಸು, ಅಂದರೆ ಸೀರೆಯ ಉದ್ದೆಳೆಯ ನೂಲು, ಎಳೆದು ಕಟ್ಟಿ, ಗಂಜಿ ಬಳಿದು, ಬೇರಿನ ಕುಂಚಿಗೆಯಿಂದ ಬಾಚಿ ಎಳೆ ಎಳೆ ಬಿಡಿಸಿ ಒಣಗಿಸಿಕೊಂಡು ಮಗ್ಗಕ್ಕೆ ಒಯ್ಯುತ್ತಿದ್ದರು. ಸಣ್ಣ ನೂಲಿಗೆ ಬಿಸಿಲಾಗದು, ಗಂಜಿ ಬಿರುಸಾಗಿ ಎಳೆ ಪಟಪಟನೆ ಹರಿಯುತ್ತದೆ. ಧೂಳಂತೂ ಆಗಲೇ ಆಗದು. ನೆರಳೂ ಹುಲ್ಲೂ ಒಟ್ಟಿಗೆ ಇದ್ದದ್ದು ಊರಲ್ಲಿ ಅದೊಂದೇ ಕಡೆ.

ಕಾಲೇಜು ಕಮಿಟಿಯ ಅಧ್ಯಕ್ಷರು ಪ್ರಭುಲಿಂಗಪ್ಪನವರು. ಹೊಲಮನೆಯವರು, ಪೇಟೆಯಲ್ಲಿ ಅಂಗಡಿಯವರು, ಮಾತಿಗೆ ನಿಂತರೆ ಬೆಣ್ಣೆ. ಅವರೇ ಖುದ್ದಾಗಿ ನೇಕಾರ ಓಣಿಗೆ ಬಂದು ಕೈಮುಗಿದಿದ್ದರು.

"ಇದು ನನ್ನ ಕಾಲೇಜಲ್ಲ, ಊರ ಕಾಲೇಜು. ಒಳಗ ನಾಕು ಗಿಡಾ ಹಚ್ಚೂಣು, ಸುತ್ತ ಒಂದು ಗ್ವಾಡಿ ಹಾಕೂಣು. ಎಲ್ಲಾರೂ ಶ್ರಮದಾನಕ್ಕ ಬರ್ರಿ."

ಬಂದರು. ಬಾರದೆ ಏನು? ಮಗ್ಗ ನಿಲ್ಲಿಸಿ ಇಡೀ ಓಣಿ ಕಲ್ಲು ತರಲು ಗುಡ್ಡ ಹತ್ತಿತು. ಶಂಕ್ರವ್ವ ಸಿಂಬಿ ಕಟ್ಟಿಕೊಂಡು ತಲೆಯ ಮೇಲೆ ಕಲ್ಲು ಹೊತ್ತಳು. ಅವಳ ಗಂಡ ಪರಪ್ಪ ಬೆನ್ನು ಹಿಡಿದುಕೊಂಡರೂ ಬಿಡದೆ ಹೊತ್ತ. ಹೆಂಗಸರು ಕೊಡದಲ್ಲಿ ನೀರು ತಂದು ಸಸಿಗಳಿಗೆ ಸುರಿದರು. ಗಾರೆ ಇಲ್ಲದ ಬರಿಗಲ್ಲಿನ ಗೋಡೆ ಎದೆಮಟ್ಟ ಎದ್ದಿತು. ನೇಕಾರ ಓಣಿಯ ಕಡೆಗೆ ಬಂದಾಗ ಗೌಂಡಿ ಕೇಳಿದ, "ಇಲ್ಲೊಂದು ಬಾಗಲಾ ಬಿಡಲೇನು?"

"ಬ್ಯಾಡೋ ಮಾರಾಯಾ," ಎಂದಿದ್ದಳು ಶಂಕ್ರವ್ವ. "ನಮ್ಮ ಓಣ್ಯಾಗಿನ ಆಡ ನುಗ್ಗಿ ಸಸಿ ತಿಂದು ಹಾಳ ಮಾಡ್ತಾವ. ನಾವೇನು, ಸುತ್ತ ಹಾಕಿ ದೊಡ್ಡ ಬಾಗಲದಾಗ ಬರ್ತೀವಿ."

ಎಲ್ಲರೂ ಹೌದೆಂದರು. ಹಗಲಲ್ಲಿ ಯಾರ ಮನೆಯ ಬಾಗಿಲಿಗೂ ಅಗಳಿ ಬೀಳದ ಓಣಿ ಅದು. ಗೋಡೆ ಇರುವುದು ಆಡಿಗೆ, ಮನುಷ್ಯರಿಗಲ್ಲ ಎಂದೇ ತಿಳಿದಿದ್ದ ಜನ. ಇಷ್ಟು ಭೋಳೆತನ ಇನ್ಯಾವ ಓಣಿಯಲ್ಲಿದ್ದೀತು?

ಗೋಡೆ ಮುಗಿದ ವಾರದಲ್ಲೇ ದೊಡ್ಡ ಬಾಗಿಲಿಗೆ ಕಬ್ಬಿಣದ ಗೇಟು ಬಂತು, ಗೇಟಿಗೆ ಬೀಗ ಬಂತು, ಬೀಗದ ಪಕ್ಕ ಪುರ್ತಗೇರಿಯ ಹುಚ್ಚಪ್ಪ ಖಾಕಿ ಕೋಟು ತೊಟ್ಟು ಬಂದು ಕೂತ. ಆ ದಿನ ಬೆಳಿಗ್ಗೆ ಶಂಕ್ರವ್ವ ಹೆಗಲ ಮೇಲೆ ಹಾಸಿನ ಸುರುಳಿ, ಕಂಕುಳಲ್ಲಿ ಗಂಜಿಯ ಗಡಿಗೆ ಹೊತ್ತು ಸುತ್ತು ಹಾಕಿ ಹೋಗಿ ನಿಂತಳು. ಹಿಂದೆ ಪರಪ್ಪ, ಪಕ್ಕದ ಮನೆಯ ವೀರವ್ವ.

"ಪರವಾನಗಿ ಐತೇನ್ ಬೇ?" ಎಂದ ಹುಚ್ಚಪ್ಪ.

"ಯಾತರ ಪರವಾನಗಿ?"

"ಒಳಗ ಬರೂ ಪರವಾನಗಿ. ಅಧ್ಯಕ್ಷರ ಕಡಿಂದ ತರಬೇಕು. ಹೊರಗಿನ ಮಂದೀನ್ನ ಬಿಡಬ್ಯಾಡ ಅಂದಾರ."

ಹೊರಗಿನ ಮಂದಿ! ಅವಳು ಹೊತ್ತ ಕಲ್ಲು ಒಳಗಿತ್ತು, ಅವಳು ಹೊರಗಿದ್ದಳು. ಮೈಯೆಲ್ಲ ಉರಿದುಹೋಯಿತು ಅವಳಿಗೆ. ಗೇಟಿನ ಸರಳು ಹಿಡಿದು ಅಲುಗಿಸಿದಳು. ಪರಪ್ಪ ಸೆರಗು ಹಿಡಿದು ಜಗ್ಗಿದ, "ಬಿಡು, ದೊಡ್ಡವರ ಜೋಡಿ ಯಾಕ ಬೇಕು?" ಎಂದ. ಅವಳಿಗೆ ಹುಚ್ಚಪ್ಪನ ಮೇಲಿದ್ದ ಸಿಟ್ಟಿಗಿಂತ ಗಂಡನ ಮೇಲೆ ಹೆಚ್ಚು ಸಿಟ್ಟು ಬಂತು.

ಸೀದಾ ಪೇಟೆಗೆ ನಡೆದಳು. ಪ್ರಭುಲಿಂಗಪ್ಪನವರು ಅಂಗಡಿಯ ಗಾದಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಸಾವ್ಕಾರ್ರ, ಬಯಲಿಗೆ ಬೀಗಾ ಹಾಕೀರಂತ?"

"ಹೌದವಾ. ಅದು ಕಾಲೇಜಿನ ಆವಾರ. ಹುಡುಗೂರು ಓದೂ ಜಾಗಾ. ನೀವು ಗಂಜಿ ಚೆಲ್ಲಿ ಗಬ್ಬ ಎಬ್ಬಸ್ತೀರಿ, ಹುಲ್ಲ ತುಳೀತೀರಿ. ಹಸರು ಕಣ್ಣಿಗೆ ತಂಪಾಗಿರಲಿ ಅಂತ ಬೆಳೆಸೂದು, ತುಳ್ಯಾಕಲ್ಲ."

"ಆ ಹಸರಿಗೆ ನೀರ ಹಾಕಿದವರು ಯಾರ್ರಿ?"

"ಹಾಕೀರಿ, ಇಲ್ಲಂದ್ನೇನು? ಉಪಕಾರ ಆತು." ಎಲೆ ಮಡಿಚಿ ಬಾಯಿಗೆ ಇಟ್ಟುಕೊಂಡರು. "ಶ್ರಮದಾನ ಅಂದ್ರ ದಾನ. ಕೊಟ್ಟದ್ದನ್ನ ತಿರುಗಿ ಕೇಳೂದು ಚಲೋ ಅಲ್ಲ."

ಶಂಕ್ರವ್ವ ಬಿಡಲಿಲ್ಲ. "ಸಾವ್ಕಾರ್ರ, ಈಗ ನನ್ನ ಕೈಯಾಗಿರೂದು ನಿಮ್ಮ ಗೌರವ್ವನ ಮದುವಿ ಸೀರಿ ಹಾಸರಿ. ನೀವ ಹೇಳಿ ಹಚ್ಚಿದ್ದು. ಅಷ್ಟು ಸಣ್ಣ ನೂಲು ಬಿಸಲಾಗ ತಡ್ಯಂಗಿಲ್ಲ."

"ರಸ್ತಾದಾಗ ಹಾಕ್ರಿ. ಊರಾಗ ರಸ್ತಾ ಇಲ್ಲೇನು?" ಎಂದು ನಕ್ಕು, ಬಂದ ಗಿರಾಕಿಯ ಕಡೆ ತಿರುಗಿದರು. ಮಗಳ ಸೀರೆ ಅವರ ಲೆಕ್ಕಕ್ಕೇ ಬರಲಿಲ್ಲ.

ಓಣಿಯಲ್ಲೇ ಹಾಕಿ ನೋಡಿದರು. ಗಂಜಿ ಬಳಿಯುವಷ್ಟರಲ್ಲಿ ಬದಿಯಲ್ಲೇ ಚಕ್ಕಡಿ ಬಂತು, ಚಕ್ಕಡಿಯ ಹಿಂದೆ ಧೂಳು ಬಂತು. ಹಸಿ ನೂಲಿಗೆ ಮಣ್ಣು ಮೆತ್ತಿಕೊಂಡಿತು. ಹೊತ್ತೇರಿದಂತೆ ವೀರವ್ವನ ಹಾಸು ನಡುವೆ ಹರಿದು ಬಿತ್ತು. ಅವಳು ನೆಲದ ಮೇಲೆ ಕೂತು ಎಳೆ ಜೋಡಿಸುತ್ತ ಅತ್ತಳು. ಗೋಡೆಯಾಚೆ ಬೇವಿನ ನೆರಳು ಬಿದ್ದಿತ್ತು, ಅದರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಶಂಕ್ರವ್ವ ಗೌರವ್ವನ ಹಾಸನ್ನು ಬಿಚ್ಚಲೇ ಇಲ್ಲ, ಸುರುಳಿ ಹಾಗೇ ಗೂಟಕ್ಕೆ ತೂಗುಹಾಕಿದಳು. ದಿನಾ ಅದನ್ನು ನೋಡುವುದು, ಗೋಡೆಯನ್ನು ನೋಡುವುದು, ಹಲ್ಲು ಕಡಿಯುವುದು.

ಹೀಗಿರುವಾಗ ಊರಲ್ಲಿ ಡಂಗುರ ಹೊಡೆಸಿದರು. ಧಾರವಾಡದಿಂದ ದೊಡ್ಡ ಅತಿಥಿಗಳು ಮೋಟಾರಿನಲ್ಲಿ ಬರುತ್ತಾರೆ, ಕಾಲೇಜಿನ ಉದ್ಘಾಟನೆ, ಎಲ್ಲರೂ ಬಂದು ಶೋಭೆ ತರಬೇಕು ಎಂದು. ಎಲ್ಲರೂ ಎಂದರೆ ಯಾರು ಎಂದು ಶಂಕ್ರವ್ವ ಡಂಗುರದವನನ್ನೇ ಕೇಳಿದಳು. ಅವನು ಪಾಪ, ತಮಟೆ ಬಡಿದುಕೊಂಡು ಮುಂದೆ ಹೋದ.

ಅವಳು ಮನೆಮನೆಗೆ ಹೋದಳು. "ರಸ್ತಾದಾಗ ಹಾಕ್ರಿ ಅಂದಾರಲ್ಲ, ಹಾಕೂಣು. ಓಣಿ ರಸ್ತಾ ಯಾಕ? ಕಾಲೇಜಿನ ರಸ್ತಾನೂ ರಸ್ತಾನ ಐತಿ."

ಪರಪ್ಪ ಬೇಡ ಎಂದ. "ಗೌರವ್ವನ ಹಾಸು ಕೆಟ್ಟರ ಏನ್ ಮಾಡ್ತಿ?"

"ಗೂಟಕ್ಕ ಕೊಳತರ ಏನ್ ಮಾಡ್ಲಿ?" ಎಂದಳು. ಸ್ವಲ್ಪ ಹೊತ್ತಿಗೆ ಪರಪ್ಪ ಎದ್ದು ತಾನೇ ಕುಂಚಿಗೆ ತೊಳೆದಿಟ್ಟ.

ಉದ್ಘಾಟನೆಯ ಬೆಳಿಗ್ಗೆ ಇಡೀ ನೇಕಾರ ಓಣಿ ಕಾಲೇಜಿನ ಗೇಟಿನ ಮುಂದಿತ್ತು. ಎರಡೂ ಬದಿಗೆ ಪಾಪಾಸುಕಳ್ಳಿ ಬೆಳೆದ ಇಕ್ಕಟ್ಟು ದಾರಿ ಅದು. ದಾರಿಯ ಅಂಚಿನಿಂದ ಅಂಚಿಗೆ ಹಾಸುಗಳು ಸಾಲಾಗಿ ಬಿದ್ದವು. ಎಲ್ಲಕ್ಕೂ ಮುಂದೆ, ಗೇಟಿನ ಎರಡು ಕಲ್ಲುಕಂಬಕ್ಕೆ ಕೋಲು ಬಿಗಿದು ಗೌರವ್ವನ ಹಾಸು. ಅಂಚಿಗೆ ಕೆಂಪು ರೇಷ್ಮೆ, ಮೈಗೆ ಹಸಿರು ನೂಲು. ಹುಚ್ಚಪ್ಪ ಒಳಗಿನಿಂದ ಬೀಗ ತೆಗೆದು ನೋಡಿ, ಕೋಟಿನ ಗುಂಡಿ ಹಾಕುವುದನ್ನೂ ಮರೆತು, ಕಾಲೇಜಿನೊಳಗಿದ್ದ ಅಧ್ಯಕ್ಷರನ್ನು ಕರೆಯಲು ಓಡಿದ.

ಈ ಸೀಮೆಯಲ್ಲಿ ಎಳೆದು ಕಟ್ಟಿದ ಹಾಸನ್ನು ಯಾರೂ ದಾಟುವುದಿಲ್ಲ. ದಾಟಿದರೆ ಆ ಸೀರೆ ಉಡುವವಳ ಬಾಳಿಗೆ ಕೇಡು ಎನ್ನುತ್ತಾರೆ. ರೋಣದ ಸಂತೆಗೆ ಹೊರಟ ಎಂಥ ಅವಸರದವನೂ ಚಕ್ಕಡಿ ತಿರುಗಿಸಿ ಸುತ್ತು ಹಾಕುತ್ತಾನೆ. ಗಂಜಿ ಹಚ್ಚಿದ ಮೇಲೆ ಅದನ್ನು ಸುತ್ತಿಡುವಂತೆಯೂ ಇಲ್ಲ, ಹಸಿ ಹಾಸು ಸುತ್ತಿದರೆ ಅಂಟಿಕೊಂಡು ಮುದ್ದೆಯಾಗುತ್ತದೆ. ಇದು ಪ್ರಭುಲಿಂಗಪ್ಪನವರಿಗೆ ಹುಟ್ಟಿದಾಗಿನಿಂದ ಗೊತ್ತು.

ಅವರು ಜರಿಯ ರುಮಾಲು ಸುತ್ತಿಕೊಂಡು ಬಂದರು. ಹಾಸುಗಳನ್ನು ಕಂಡು ಮುಖ ಕಪ್ಪಿಟ್ಟಿತು.

"ಏನಿದು ಹಲ್ಕಟ್ ಕೆಲಸಾ? ತಗೀರಿ ಲಗೂ! ಮೋಟಾರು ನರೇಗಲ್ ದಾಟಿ ಬರಾಕತ್ತೈತಿ!"

"ಹಸಿ ಐತ್ರಿ," ಎಂದಳು ಶಂಕ್ರವ್ವ. ಕುಂಚಿಗೆ ಎಳೆಯುವುದನ್ನು ನಿಲ್ಲಿಸಲಿಲ್ಲ.

"ಹುಚ್ಚಪ್ಪಾ, ಕಿತ್ತ ಒಗಿ!"

ಹುಚ್ಚಪ್ಪ ಮಿಸುಕಲಿಲ್ಲ. "ಮದುವಿ ಹಾಸಂತರೀ ಅದು..." ಎಂದು ತೊದಲಿದ.

ಆಗ ಶಂಕ್ರವ್ವ ಎದ್ದು ನಿಂತಳು. ಅವಳ ಕೈಯಿಂದ ಗಂಜಿ ತೊಟ್ಟಿಕ್ಕುತ್ತಿತ್ತು. ಇಷ್ಟು ದಿನ ನುಂಗಿದ್ದೆಲ್ಲ ಬಾಯಿಗೆ ಬಂತು.

"ನಿಮ್ಮ ಗೌರವ್ವಂದರಿ ಇದು. ದಾಟ್ರಿ! ನೀವ ಮೊದಲ ಕಾಲ ಇಡ್ರಿ, ಆಮ್ಯಾಲ ನಿಮ್ಮ ಮೋಟಾರು ಬರಲಿ! ಆ ಕೂಸು ನಮ್ಮ ಮನ್ಯಾಗ ಬಂದು ಕುಂತು ಬಣ್ಣಾ ಆರಿಸಿ ಹೋಗೇತಿ. ಅದರ ಸೀರಿಗೆ ಒಂದು ಮರದ ನೆಳ್ಳ ಕೊಡಾಕಾಗಲಿಲ್ಲ ನಿಮಗ. ನಾ ಹೊತ್ತ ಕಲ್ಲಿಲೆ ನನ್ನ ಹೊರಗಿಟ್ರಿ. ನಾವು ತುಳಿದ್ರ ಸಾಯೂ ಹುಲ್ಲು, ನಾವು ನೀರ ಹಾಕುಮುಂದ ಎಲ್ಲಿತ್ರಿ? ದಾಟ್ರಿ ಅಂದ್ನಲ್ಲ!"

ಪ್ರಭುಲಿಂಗಪ್ಪನವರ ಕಾಲು ಏಳಲಿಲ್ಲ. ಹಸಿರು ಎಳೆಗಳನ್ನೇ ನೋಡುತ್ತ ನಿಂತರು. ದೂರದ ದಾರಿಯಲ್ಲಿ ಧೂಳು ಎದ್ದದ್ದು ಕಾಣಿಸಿತು. ಅವರು ಹುಚ್ಚಪ್ಪನ ಕಡೆ ತಿರುಗಿ ಹಲ್ಲು ಕಚ್ಚಿ ಹೇಳಿದರು, "ಹಿಂದಿನ ಗ್ವಾಡಿ ಕೆಡವು. ನೇಕಾರ ಓಣಿ ಕಡೀದು. ಮೋಟಾರು ಆ ಕಡಿಂದ ಬರಲಿ."

ಕಟ್ಟಲು ದಿನಗಟ್ಟಲೆ ಹಿಡಿದ ಗೋಡೆ ಕೆಡವಲು ಹೊತ್ತು ಹಿಡಿಯಲಿಲ್ಲ. ಮೋಟಾರು ನೇಕಾರ ಓಣಿಯಲ್ಲಿ ಆಡುಗಳನ್ನು ಬೆದರಿಸಿಕೊಂಡು ಬಂದು, ಉರುಳಿದ ಕಲ್ಲುಗಳ ನಡುವೆ ಒಳಗೆ ಹೋಯಿತು. ಶಂಕ್ರವ್ವ ಗೋಡೆಯೊಡೆದ ಕಂಡಿಯ ಹತ್ತಿರ ಬಂದು ನಿಂತಿದ್ದಳು. ಅತಿಥಿಗಳು ಇಳಿದು, ಬೇವಿನ ನೆರಳಿಗೆ ತಲೆಯೆತ್ತಿ, ಎಂಥ ಒಳ್ಳೆಯ ಜಾಗ, ಊರವರೂ ಇಲ್ಲಿಗೆ ಬರುತ್ತಾರೇನು ಎಂದು ಕೇಳಿದರು.

"ಬರ್ತಾರ್ರಿ," ಎಂದರು ಪ್ರಭುಲಿಂಗಪ್ಪನವರು. "ಊರಿಂದು ಅಲ್ಲೇನ್ರಿ ಇದು? ದಿನಾ ಬರ್ತಾರ."

ಬೀಗ ಹಾಕಿದಾಗ ಕೂಡ ಅವಳಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ. ಉಗುಳಿ ತಿರುಗಿ ಬಂದಳು. ಗೇಟಿನ ಮುಂದೆ ಬಿಸಿಲೇರಿತ್ತು. ಗೌರವ್ವನ ಹಾಸಿನ ಒಂದು ಬದಿ ಆಗಲೇ ಹರಿಯಲು ಹತ್ತಿತ್ತು, ಪರಪ್ಪ ಮೊಣಕಾಲೂರಿ ಎಳೆ ಜೋಡಿಸುತ್ತಿದ್ದ. ಮೂರ್ನಾಲ್ಕು ಸೀರೆಯ ಹಾಸಿನಲ್ಲಿ ಒಂದು ಸೀರೆಯಷ್ಟು ಉಳಿದೀತು, ಮಿಕ್ಕಿದ್ದು ಹೋದಂತೆಯೇ ಎಂದ. ಅವಳೂ ಕೂತು ಗಂಟು ಹಾಕಿದಳು. ಕಣ್ಣೀರು ನೂಲಿನ ಮೇಲೆ ಬೀಳದ ಹಾಗೆ ಮುಖ ಆಚೆ ಮಾಡಿಕೊಂಡಿದ್ದಳು.

ಸಂಜೆ ಮೋಟಾರು ಹೋದ ಮೇಲೆ ವೀರವ್ವ ಬಂದಳು. "ನಾಳಿ ಕಂಡಿ ಮುಚ್ಚಸ್ತಾರಂತ, ಅಕ್ಕಾ. ಆಳು ಹೇಳಿ ಕಳಸ್ಯಾರ."

ಶಂಕ್ರವ್ವ ಕಂಡಿಯ ಕಡೆ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಸಿಂಬಿ ಎತ್ತಿಕೊಂಡಳು.

ಮರುದಿನ ಬಿಸಿಲೇರುವ ಮುಂಚೆ ಪ್ರಭುಲಿಂಗಪ್ಪನವರು ಆಳುಗಳ ಜೊತೆ ಬಂದಾಗ ಕಂಡಿಯ ಹತ್ತಿರ ಒಂದು ಕಲ್ಲೂ ಇರಲಿಲ್ಲ. ಒಳಗೆ ಬೇವಿನ ನೆರಳಿನುದ್ದಕ್ಕೂ ಹಾಸುಗಳು. ಮುಂದಿನದು ಗೌರವ್ವನದು, ಗಂಟು ಗಂಟಾಗಿ ಉಳಿದುಕೊಂಡದ್ದು. ಅದರ ಆಚೆ ಬದಿಯಲ್ಲಿ ಶಂಕ್ರವ್ವ ಇದ್ದಳು.

"ಕಲ್ಲೆಲ್ಲಿ?" ಎಂದರು.

"ನಮ್ಮ ನಮ್ಮ ಮನ್ಯಾಗ ಅದಾವ್ರಿ. ಒಲಿಗೆ ಇಟ್ಟೀವಿ, ಮನಿ ಮುಂದಿನ ಕಟ್ಟೀಗೆ ಹಾಕೀವಿ. ನಾವು ಹೊತ್ತದ್ದು ನಾವು ಒಯ್ದೀವಿ."

"ತಂದು ಹಾಕ್ರಿ."

"ನಮ್ಮ ಮನಿ ಒಳಗ ಬಂದು ನೀವ ತಗೊಂಡ ಹೋಗ್ರಿ, ಸಾವ್ಕಾರ್ರ. ಬರೂಮುಂದ ಪರವಾನಗಿ ತಗೊಂಡ ಬರ್ರಿ."

ಆಳುಗಳಲ್ಲಿ ಒಬ್ಬ ನಕ್ಕೇಬಿಟ್ಟ. ಶಂಕ್ರವ್ವ ನಗಲಿಲ್ಲ, ಕುಂಚಿಗೆಯನ್ನು ಗಂಜಿಯಲ್ಲಿ ಅದ್ದಿ ಎಳೆದಳು. ಪ್ರಭುಲಿಂಗಪ್ಪನವರು ಮಗಳ ಹಾಸಿನ ಈಚೆ ಒಂದು ಗಳಿಗೆ ನಿಂತರು. ಆಮೇಲೆ ಧೋತರದ ಚುಂಗು ಎತ್ತಿ ಹಿಡಿದು, ಹುಲ್ಲು ತುಳಿದುಕೊಂಡು ಸುತ್ತು ಹಾಕಿ ಹೋದರು.